ಕಡಲೆಬೀಜ ಹಾಕಬೇಡಿ

ಭಾನುವಾರ ಬೆಳಗ್ಗೆ ಒಂಬತ್ತೂ ಇಪ್ಪತ್ತರ ಹೊತ್ತಿಗೆ ವನಜಾಕ್ಷಿ ಒಲೆ ಪಕ್ಕದ ಕಟ್ಟೆ ಒರೆಸಲು ಹೋದಾಗ ಇಡ್ಲಿ ಪಾತ್ರೆಯ ಹಿಂದೆ ಒಂದು ಚಟ್ನಿ ಡಬ್ಬಿ ಕಂಡಿತು. ಮುಚ್ಚಳಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿತ್ತು. ಅವಳ ಕೈ ಅಲ್ಲೇ ನಿಂತಿತು.

ಆ ಡಬ್ಬಿ ಅಲ್ಲಿರಬಾರದಿತ್ತು. ಅದು ಇಷ್ಟು ಹೊತ್ತಿಗೆ ಪಾವಗಡ ರಸ್ತೆಯ ಯಾವುದೋ ಮನೆ ತಲುಪಿರಬೇಕಿತ್ತು.

"ಅತ್ತೆ, ಈ ಡಬ್ಬಿ ಯಾಕೆ ಇಲ್ಲೈತೆ?" ಅಂದಳು.

ದೊಡ್ಡಕ್ಕ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ನಂಗೇನವ್ವ ಗೊತ್ತು? ನಾನು ಮುಟ್ಟೇ ಇಲ್ಲ," ಅಂದಳು.

ಮುಟ್ಟಿರಲಿಲ್ಲ, ನಿಜ. ಎಲ್ಲ ಡಬ್ಬಿಗೂ ಚಟ್ನಿ ತುಂಬಿದ್ದು ವನಜಾಕ್ಷಿಯೇ. ಒಟ್ಟಿಗೆ ಮೂರು ಆರ್ಡರ್ ಬಂದಿದ್ದವು. ಒಯ್ಯುವ ಹುಡುಗ ರಂಗೇಶ ಹೊಸ್ತಿಲಲ್ಲಿ ನಿಂತು, "ಅಕ್ಕ, ಟೈಮ್ ಓಡ್ತೈತೆ ಅಕ್ಕ," ಅಂತ ಮೊಬೈಲ್ ತೋರಿಸುತ್ತಿದ್ದ. ಅವಳು ಮೂರು ಚೀಲ ಸಾಲಾಗಿಟ್ಟು, ದೊಡ್ಡ ಪಾತ್ರೆಯಿಂದ ಸರಸರ ಮೂರು ಡಬ್ಬಿಗೂ ಹುಯ್ದು, ಗಂಟು ಕಟ್ಟಿ ಕೊಟ್ಟುಬಿಟ್ಟಿದ್ದಳು. ದೊಡ್ಡ ಪಾತ್ರೆಯಲ್ಲಿದ್ದದ್ದು ಕಡಲೆಬೀಜದ ಚಟ್ನಿ.

ಮೂರರಲ್ಲಿ ಒಂದು ಆರ್ಡರಿನ ಕೆಳಗೆ ಹೀಗೆ ಬರೆದಿತ್ತು: "ಚಟ್ನಿಗೆ ಕಡಲೆಬೀಜ ಹಾಕಬೇಡಿ. ದಯವಿಟ್ಟು. ಮಗಳಿಗೆ ಆಗುವುದಿಲ್ಲ, ಉಸಿರು ಕಟ್ಟುತ್ತದೆ."

ಅದನ್ನು ಓದಿಯೇ ವನಜಾಕ್ಷಿ ಮಿಕ್ಸಿ ಜಾರನ್ನು ಎರಡು ಸಲ ಸೋಪು ಹಾಕಿ ತೊಳೆದಿದ್ದಳು. ಬರೀ ತೆಂಗಿನಕಾಯಿ, ಹಸಿಮೆಣಸಿನಕಾಯಿ ಹಾಕಿ ಬೇರೆ ರುಬ್ಬಿ, ಗುರುತಿಗಿರಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿ, ಬದಲಾಗದಿರಲಿ ಅಂತಲೇ ಇಡ್ಲಿ ಪಾತ್ರೆಯ ಹಿಂದೆ ಬೇರೆಯಾಗಿ ಇಟ್ಟಿದ್ದಳು. ಬೇರೆ ಇಟ್ಟದ್ದನ್ನು ಮರೆತಳು.

"ಅಂಜನ್! ಲೇ ಅಂಜನ್! ಬಾರ್ಲಾ ಇಲ್ಲಿ!"

ಒಳಕೋಣೆಯಿಂದ ತಮ್ಮ ಅಂಜನ್ ಕುಮಾರ್ ಪುಸ್ತಕ ಹಿಡಿದುಕೊಂಡೇ ಓಡಿಬಂದ. ಇಪ್ಪತ್ನಾಲ್ಕು ವರ್ಷದವನು, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದಿಕೊಳ್ಳುತ್ತ ಅಕ್ಕನ ಮನೆಯಲ್ಲೇ ಇದ್ದ. ಅಡುಗೆ ಅಕ್ಕನದು, ಮೊಬೈಲಿನ ಕೆಲಸ ಅವನದು ಅಂತ ಮನೆಯಲ್ಲಿ ಹಂಚಿಕೆಯಾಗಿತ್ತು.

ಅವರ ಅಡುಗೆಮನೆಗೆ ಹೊರಗೆ ಬೋರ್ಡು ಅಂತ ಇರಲಿಲ್ಲ. ಎರಡು ವರ್ಷದ ಹಿಂದೆ ಮಿಡಿಗೇಶಿ ಪಕ್ಕದ ಹಳ್ಳಿಯಿಂದ ಮಧುಗಿರಿಗೆ ಬಂದು, ಬೆಟ್ಟದ ಬುಡದ ಬೀದಿಯೊಂದರಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಗಂಡ ನರಸಿಂಹರಾಜು ವಳ್ಳೂರು ಕಡೆ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಊಟದ ಆ್ಯಪ್ ಒಂದಿತ್ತು, 'ಬಿಸಿಬುತ್ತಿ' ಅಂತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಊರಲ್ಲಿ ನಡೆಯುತ್ತಿತ್ತು. ಅಂಜನ್ ಅದರಲ್ಲಿ ಅಕ್ಕನ ಅಡುಗೆಮನೆ ಸೇರಿಸಿ, ಅತ್ತೆಯ ಹೆಸರಲ್ಲೇ 'ದೊಡ್ಡಕ್ಕನ ಅಡುಗೆ' ಅಂತ ಇಟ್ಟ. ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರ ಪಟದ ಕೆಳಗಿನ ಗೂಡಿನಲ್ಲಿ ಮೊಬೈಲ್ ಇರುತ್ತಿತ್ತು. ಆರ್ಡರ್ ಬಂದರೆ ಗಂಟೆಯ ಥರ ಬಡಿದುಕೊಳ್ಳುತ್ತಿತ್ತು. ಎರಡು ನಿಮಿಷದೊಳಗೆ ಒಪ್ಪಿಕೊಳ್ಳಬೇಕು, ಇಷ್ಟು ಹೊತ್ತಿಗೆ ರೆಡಿ ಅಂತ ಹೇಳಬೇಕು. ಒಯ್ಯುವ ಹುಡುಗ ಬಂದು ಆರ್ಡರಿನ ನಂಬರು ಹೇಳಿ ಚೀಲ ತಗೊಂಡು ಹೋಗುತ್ತಾನೆ. ಅಷ್ಟಕ್ಕೆ ಅಡುಗೆಮನೆಯ ಕೆಲಸ ಮುಗಿಯಿತು. ತಿನ್ನುವವರು ಯಾರು, ಅವರ ಮನೆ ಎಲ್ಲಿ ಅನ್ನುವುದು ಅಡುಗೆಯವರಿಗೆ ಗೊತ್ತಾಗುವುದಿಲ್ಲ. ಒಂದು ಹೆಸರು ಮತ್ತು ಯಾವ ರಸ್ತೆಯ ಕಡೆ ಅನ್ನುವುದಷ್ಟೇ ಕಾಣುತ್ತದೆ.

ಇವತ್ತಿನ ಆರ್ಡರಿನಲ್ಲಿ ಕಂಡದ್ದು ಇಷ್ಟು: ರಕ್ಷಾ. ಪಾವಗಡ ರಸ್ತೆ ಕಡೆ. ನಾಲ್ಕು ಇಡ್ಲಿ, ಒಂದು ವಡೆ.

"ಫೋನ್ ಮಾಡ್ಲಾ ಆಯಮ್ಮಂಗೆ. ತಿನ್ಬ್ಯಾಡಿ ಅನ್ನು. ಮೊದ್ಲು ಅದ್ನ ಹೇಳು."

ಅಂಜನ್ ಆರ್ಡರ್ ತೆರೆದು ಕರೆ ಮಾಡುವ ಗುರುತು ಒತ್ತಿದ. ಗ್ರಾಹಕರ ನಂಬರು ಅದರಲ್ಲಿ ಕಾಣುವುದಿಲ್ಲ. ಆ್ಯಪ್ಪೇ ನಡುವೆ ನಿಂತು ಕರೆ ಜೋಡಿಸುತ್ತದೆ. ಒಂದು ಹೆಣ್ಣುದನಿ ಬಂತು: "ಈ ಆರ್ಡರ್ ಪೂರ್ಣಗೊಂಡಿದೆ. ಕರೆ ಮಾಡಲು ಸಾಧ್ಯವಿಲ್ಲ."

"ತಲುಪಿಬುಟ್ಟೈತೆ ಅಕ್ಕ. ಒಂಬತ್ತೂ ಹದಿನೇಳಕ್ಕೆ."

"ಇನ್ನೊಂದ್ಸಲ ಮಾಡು."

ಇನ್ನೊಂದು ಸಲವೂ ಅದೇ ದನಿ, ಅದೇ ಮಾತು. ಬೆಳಗ್ಗೆ ಅವಳಿಗೆ ಉತ್ತರ ಬರೆದಿದ್ದ ಮೆಸೇಜಿನ ಜಾಗವೂ ಮುಚ್ಚಿಹೋಗಿತ್ತು.

ವನಜಾಕ್ಷಿ ತನ್ನ ಮೊಬೈಲಿನಿಂದ ರಂಗೇಶನಿಗೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಅವನು ಎತ್ತುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೂ ಮೂರು ಸಲ ಮಾಡಿದಳು. ನಾಲ್ಕನೆಯ ಸಲ ಬ್ಯುಸಿ ಬಂತು.

ಅಂಜನ್ ಹೇಳಿದ. "ಅಕ್ಕ, ಗಾಬರಿ ಬೀಳ್ಬ್ಯಾಡ. ಕೆಲವ್ರು ಸುಮ್‌ಸುಮ್ನೆ ಬರೀತಾರೆ. ಈರುಳ್ಳಿ ಬ್ಯಾಡ, ಬೆಳ್ಳುಳ್ಳಿ ಬ್ಯಾಡ ಅಂತ ಬರೆಯೋರ್ನ ನೀನು ನೋಡಿಲ್ವಾ?"

"ಉಸಿರು ಕಟ್ಟುತ್ತೆ ಅಂತ ಬರ್ದವ್ಳೆ ಕಣ್ಲಾ. ಸುಮ್ನೆ ಯಾವ ತಾಯಿ ಹಂಗೆ ಬರೀತಾಳೆ?"

ಆ್ಯಪ್ಪಿನವರ ಸಹಾಯದ ಜಾಗ ತೆರೆದರು. ಅಲ್ಲಿ ಮನುಷ್ಯರಿರಲಿಲ್ಲ, ಪ್ರಶ್ನೆಗಳಿದ್ದವು. ಆರ್ಡರ್ ತಡವಾಗಿದೆಯೇ? ಆಹಾರ ಚೆಲ್ಲಿದೆಯೇ? ಡೆಲಿವರಿ ಪಾಲುದಾರರ ನಡವಳಿಕೆಯ ಬಗ್ಗೆ ದೂರು ಇದೆಯೇ? ಅಂಜನ್ ಒಂದೊಂದನ್ನೇ ಇಲ್ಲ ಇಲ್ಲ ಅಂತ ಒತ್ತುತ್ತ ಹೋದ. ಕೊನೆಗೆ 'ಬೇರೆ' ಅಂತ ಒಂದು ಬಂತು. ಅದನ್ನು ಒತ್ತಿದರೆ ಮತ್ತೆ ಮೊದಲ ಪ್ರಶ್ನೆ. ದೊಡ್ಡಕ್ಕ ಸೊಪ್ಪು ಅಲ್ಲೇ ಬಿಟ್ಟು ಎದ್ದು ಬಂದು, ಇಬ್ಬರ ಮುಖ ನೋಡುತ್ತ, "ಏನಾಯ್ತು? ಯಾರಾದ್ರೂ ಹೇಳ್ರವ್ವ," ಅನ್ನುತ್ತಿದ್ದಳು. ಯಾರೂ ಹೇಳಲಿಲ್ಲ.

ಮೂರನೆಯ ಸುತ್ತಿಗೆ ಒಂದು ಹುಡುಗಿಯ ದನಿ ಸಿಕ್ಕಿತು. ವನಜಾಕ್ಷಿ ಮೊಬೈಲ್ ಕಿತ್ತುಕೊಂಡಳು.

"ಅಮ್ಮಾ, ತಪ್ಪಾಗೋಗೈತೆ ಕಣಮ್ಮ. ಮಗೀಗೆ ಆಗ್ದೆ ಇರೋದು ಚಟ್ನೀಲಿ ಹೋಗ್ಬುಟ್ಟೈತೆ. ಆಯಮ್ಮನ ನಂಬರ್ ಕೊಡು."

"ಕ್ಷಮಿಸಿ ಮೇಡಂ, ಗ್ರಾಹಕರ ವಿವರ ಕೊಡೋದಕ್ಕೆ ನಮಗೆ ಅನುಮತಿ ಇಲ್ಲ."

"ಕೊಡಬ್ಯಾಡ ಬುಡು. ನೀನೇ ಮಾಡಿ ಹೇಳು. ಈಗ್ಲೇ ಮಾಡು."

"ನಮ್ಮ ಕಡೆಯಿಂದ ಹೊರಗೆ ಕಾಲ್ ಹೋಗಲ್ಲ ಮೇಡಂ. ಅವರ ಆ್ಯಪ್ಪಿಗೆ ಒಂದು ಸೂಚನೆ ಕಳಿಸಬಹುದು." ಹುಡುಗಿಯ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವಳೂ ಗಾಬರಿಯಾದಂತಿತ್ತು. "ಕಳಿಸಬೇಕು ಅಂದ್ರೆ ನಾನು ದೂರು ದಾಖಲಿಸಬೇಕು. ತಪ್ಪು ಯಾರದು ಅಂತ ಸಿಸ್ಟಮ್ ಕೇಳುತ್ತೆ ಮೇಡಂ. ಅಡುಗೆಮನೆಯದಾ, ಡೆಲಿವರಿಯವರದಾ?"

ಅಂಜನ್ ಎರಡೂ ಕೈ ಅಡ್ಡ ಆಡಿಸಿ ಬೇಡ ಬೇಡ ಅಂತ ಸನ್ನೆ ಮಾಡಿದ. ಇಂಥ ತಪ್ಪು ಒಪ್ಪಿಕೊಂಡರೆ ಅಡುಗೆಮನೆಯನ್ನೇ ತೆಗೆದುಹಾಕುತ್ತಾರೆ ಅನ್ನುವುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೇರುವಾಗ ಓದಿದ್ದ ನಿಯಮಗಳಲ್ಲಿ ಅದೂ ಇತ್ತು.

"ನಂದು. ನಂದೇ ತಪ್ಪು ಅಂತ ಬರ್ಕೊ. ಬೇಗ ಕಳ್ಸು," ಅಂದಳು ವನಜಾಕ್ಷಿ.

ಅದು ಹೋಯಿತೋ, ರಕ್ಷಾ ಅನ್ನುವವಳು ನೋಡಿದಳೋ, ತಿಳಿಯುವ ದಾರಿ ಇರಲಿಲ್ಲ. ವನಜಾಕ್ಷಿ ಕೆಂಪು ರಬ್ಬರ್ ಬ್ಯಾಂಡಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಂದಳು. ಒಲೆ ಉರಿಯುತ್ತಿತ್ತು. "ಆರಿಸ್ಬುಡಿ ಅತ್ತೆ," ಅಂತ ಕೂಗಿದಳು. ಹಿಂದೆ ಮೊಬೈಲ್ ಮತ್ತೆ ಗಂಟೆ ಬಡಿಯತೊಡಗಿತ್ತು, ಹೊಸ ಆರ್ಡರ್. ಯಾರೂ ಒಪ್ಪಿಕೊಳ್ಳಲಿಲ್ಲ.

ಅಂಜನ್ ಬೈಕ್ ತೆಗೆದ. ಬಸ್ ಸ್ಟ್ಯಾಂಡ್ ಹತ್ತಿರ ಬೇವಿನ ಮರದ ಕೆಳಗೆ ಒಯ್ಯುವ ಹುಡುಗರು ಆರ್ಡರ್ ಕಾಯುತ್ತ ಕೂರುತ್ತಿದ್ದರು. ರಂಗೇಶ ಅಲ್ಲಿರಲಿಲ್ಲ. ಚೇತನ್ ಕುಮಾರ್ ಅನ್ನುವವನೊಬ್ಬ ಗಾಡಿಯ ಮೇಲೆ ಅಡ್ಡಕ್ಕೆ ಕೂತಿದ್ದ.

"ರಂಗೇಶಣ್ಣನಾ? ಈಗಿನ್ನೂ ಕೊರಟಗೆರೆ ರಸ್ತೆ ದೋಸೆ ಹೋಟ್ಲಿಗೆ ಹೋದ. ಅಲ್ಲಿ ರಶ್ಶು, ಇನ್ನೂ ನಿಂತಿರ್ತಾನೆ. ಏನಾಯ್ತಕ್ಕ?"

ಉತ್ತರ ಹೇಳಲು ನಿಲ್ಲಲಿಲ್ಲ. ಭಾನುವಾರದ ಬೀದಿ, ತರಕಾರಿ ಗಾಡಿಗಳು, ಮಟನ್ ಅಂಗಡಿ ಮುಂದಿನ ಜನ, ರಸ್ತೆ ಮಧ್ಯದಲ್ಲೇ ನಿಂತು ಪ್ರಯಾಣಿಕರನ್ನು ಇಳಿಸುತ್ತಿದ್ದ ಬಸ್ಸು. ವನಜಾಕ್ಷಿ ಹಿಂದೆ ಕೂತು, "ಜಾಗ ಬುಡ್ರಪ್ಪೋ, ಜಾಗ ಬುಡಿ," ಅಂತ ಕೂಗುತ್ತಿದ್ದಳು. ಇಡ್ಲಿ ಮಗು ಹೇಗೆ ತಿನ್ನುತ್ತದೆ ಅನ್ನುವುದೇ ಅವಳ ಕಣ್ಣಮುಂದೆ ಬರುತ್ತಿತ್ತು. ಮಕ್ಕಳಿಗೆ ಇಡ್ಲಿಗಿಂತ ಚಟ್ನಿಯೇ ಇಷ್ಟ. ಬೆರಳಲ್ಲಿ ಅದ್ದಿ ನೆಕ್ಕುತ್ತವೆ. ಬಿಸಿ ಇರುವುದರಿಂದ ತಾಯಿ ಊದಿ ಆರಿಸುತ್ತಾಳೆ, ಅಷ್ಟು ತಡವಾಗಲಿ. ಮಗು ಹಟ ಮಾಡಲಿ. ಟಿವಿ ಹಾಕಿಕೊಟ್ಟರೇ ತಿನ್ನುತ್ತೇನೆ ಅನ್ನಲಿ. ಸ್ನಾನ ಆಗದೆ ತಿಂಡಿ ಇಲ್ಲ ಅಂತ ತಾಯಿ ಹೇಳಲಿ.

ರಂಗೇಶ ದೋಸೆ ಹೋಟೆಲಿನ ಕೌಂಟರ್ ಮುಂದೆ ನಿಂತಿದ್ದ. ಅವಳನ್ನು ಕಂಡು ನಕ್ಕ. "ಅಕ್ಕ, ನೀವೇನ್ ಇಲ್ಲಿ? ಫೋನ್ ಮಾಡಿದ್ರಲ್ಲ, ಗಾಡೀಲಿದ್ದೆ..."

"ಆ ಪಾವಗಡ ರಸ್ತೆ ಚೀಲ ಯಾರ ಕೈಗೆ ಕೊಟ್ಟೆ?"

"ಯಾರ ಕೈಗೂ ಕೊಡ್ಲಿಲ್ಲ. ಮಗು ಮಲಗೈತೆ, ಬೆಲ್ ಮಾಡ್ಬೇಡಿ, ಗೇಟಿಗೆ ನೇತಾಕಿ ಅಂತ ಬರ್ದಿದ್ರು. ನೇತಾಕ್ಬುಟ್ಟು ಫೋಟೋ ಹೊಡ್ದು ಬಂದೆ."

ಮಗು ಮಲಗಿದೆ! ಚೀಲ ಇನ್ನೂ ಗೇಟಿನಲ್ಲೇ ನೇತಾಡುತ್ತಿರಬಹುದು. "ನಡಿ, ಮನೆ ತೋರ್ಸು," ಅಂತ ಅವನ ತೋಳು ಹಿಡಿದು ಎಳೆದಳು. ಎಳೆಯುತ್ತಲೇ ಎರಡು ಮಾತಿನಲ್ಲಿ ಆದದ್ದು ಹೇಳಿದಳು.

ರಂಗೇಶ ಕೌಂಟರ್ ಕಡೆ ನೋಡಿದ. ಅವನ ದೋಸೆ ಪಾರ್ಸೆಲ್ ಆಗಲೇ ಕಟ್ಟುತ್ತಿದ್ದರು. "ಆರ್ಡರ್ ಬುಟ್ಟು ಬಂದ್ರೆ ನನ್ನ ಐಡಿ ಬ್ಲಾಕ್ ಮಾಡ್ತಾರೆ ಅಕ್ಕ. ಇದೊಂದು ಕೊಟ್ಟು..." ಅಂದವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ. ಹೆಲ್ಮೆಟ್ಟು ತಲೆಗೆ ಹಾಕಿಕೊಂಡ. "ಬನ್ನಿ ನನ್ನ ಹಿಂದೆ. ಹೊಸ ಲೇಔಟು, ಒಳಗಡೆ ರಸ್ತೆಗೆಲ್ಲ ಹೆಸ್ರಿಲ್ಲ. ಹೇಳಿದ್ರೆ ನಿಮ್ಗೆ ಗೊತ್ತಾಗಲ್ಲ."

ರಂಗೇಶ ಮುಂದೆ, ಇವರು ಹಿಂದೆ. ಪಾವಗಡ ರಸ್ತೆಯಲ್ಲಿ ಊರು ಮುಗಿಯುವ ಹತ್ತಿರ ಬಲಕ್ಕೆ ತಿರುಗಿದರು. ಅರ್ಧ ಕಟ್ಟಿದ ಮನೆಗಳು, ಮರಳು ರಾಶಿ, ಖಾಲಿ ಸೈಟು. ಮೂರು ತಿರುವು ದಾಟಿ ರಂಗೇಶ ಒಂದು ನೀಲಿ ಗೇಟಿನ ಮುಂದೆ ಬ್ರೇಕ್ ಹಾಕಿದ.

ಗೇಟಿನಲ್ಲಿ ಚೀಲ ಇರಲಿಲ್ಲ.

ವನಜಾಕ್ಷಿ ಗೇಟು ತಳ್ಳಿ ಒಳಗೆ ಓಡಿದಳು. ಮುಂಬಾಗಿಲು ಹಾರುಹೊಡೆದಿತ್ತು. "ಅಮ್ಮಾ! ಯಾರವ್ರೆ ಒಳಗೆ?" ಅಂತ ಕೂಗುತ್ತ ಹೊಸ್ತಿಲಲ್ಲಿ ನಿಂತಳು. ನಡುಮನೆಯ ನೆಲದ ಮೇಲೆ ಒಂದು ಪುಟ್ಟ ಸ್ಟೀಲ್ ತಟ್ಟೆ. ಅರ್ಧ ಇಡ್ಲಿ. ಚಟ್ನಿ ಡಬ್ಬಿ ಪಕ್ಕಕ್ಕೆ ಬಿದ್ದು ನೆಲದ ಮೇಲೆ ಚೆಲ್ಲಿತ್ತು. ಟಿವಿಯಲ್ಲಿ ಕಾರ್ಟೂನ್ ಓಡುತ್ತಿತ್ತು.

ಪಕ್ಕದ ಮನೆಯ ಮುದುಕಿ ಕಾಂಪೌಂಡಿನ ಮೇಲಿಂದ ಇಣುಕಿದಳು. ಪಾಪಕ್ಕ ಅಂತ ಆಮೇಲೆ ಹೆಸರು ತಿಳಿಯಿತು. "ಮೇಡಮ್ಮನ್ನ ಹುಡುಕ್ತಿದ್ದೀರಾ? ಮಗೀಗೆ ಹುಷಾರಿಲ್ಲ ಅಂತ ಈಗ್ತಾನೆ ಆಟೋ ಹತ್ತುದ್ರು. ಮೂತಿ ಎಲ್ಲ ಊದ್ಕಂಡು, ಗೊರ್ರ್ ಗೊರ್ರ್ ಅಂತಿತ್ತು ಕಣಮ್ಮ ಕೂಸು. ಬಾಗ್ಲೂ ಹಾಕ್ದೆ ಓಡೋದ್ರು. ನಾನೇ ನೋಡ್ಕಂತಿವ್ನಿ."

"ಯಾವ ಆಸ್ಪತ್ರೆಗೆ?"

"ಬಸ್ ಸ್ಟ್ಯಾಂಡ್ ಹಿಂದ್ಗಡೆ ನರ್ಸಿಂಗ್ ಹೋಮ್ ಐತಲ್ಲ, ಅಲ್ಗೆ ಅಂದ್ರು ಆಟೋದವ್ನಿಗೆ."

ಮತ್ತೆ ಬೈಕು. ಬಂದ ದಾರಿಯಲ್ಲೇ ವಾಪಸ್ಸು; ರಂಗೇಶನೂ ಹಿಂದೆ ಬಂದ. ಈ ಸಲ ವನಜಾಕ್ಷಿ ಕೂಗಲಿಲ್ಲ. ತಮ್ಮನ ಅಂಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಅಂಜನ್ ಅಳುತ್ತಿದ್ದಾನೆ ಅಂತ ಅವನ ಬೆನ್ನು ನಡುಗಿದ್ದರಿಂದ ಗೊತ್ತಾಯಿತು.

ನರ್ಸಿಂಗ್ ಹೋಮ್ ಮೆಟ್ಟಿಲ ಹತ್ತಿರ ಅವನು ಅಕ್ಕನ ಮಣಿಕಟ್ಟು ಹಿಡಿದು ನಿಲ್ಲಿಸಿದ. "ಹೊರಗೇ ನಿಂತ್ಕೊ ಅಕ್ಕ. ಡಾಕ್ಟ್ರು ನೋಡ್ತಿರ್ತಾರೆ. ನಾವು ಒಳಗೋಗಿ ಮಾಡೋದೇನೈತೆ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನೇ ಹಿಡ್ಕಂತಾರೆ. ಪೊಲೀಸು, ಕೇಸು... ನಾನೂ ಪರೀಕ್ಷೆ ಬರೀಬೇಕು..."

ಅವನು ಕೆಟ್ಟವನಲ್ಲ. ಅವನಿಗೆ ಭಯವಾಗಿತ್ತು, ಅಷ್ಟೇ. ಅವಳಿಗೂ ಭಯವಾಗಿತ್ತು. ಒಂದು ಕ್ಷಣ ಅವಳು ನಿಂತಳು ಕೂಡ. ಒಳಗೆ ಡಾಕ್ಟರ್ ಇದ್ದಾರೆ, ಔಷಧಿ ಇದೆ, ತಾಯಿಗೆ ಮಗಳ ಕಾಯಿಲೆ ಗೊತ್ತು. ತಾನು ಹೋಗಿ ಹೇಳುವುದೇನು ಉಳಿದಿದೆ? ಆಗ ಒಳಗಿಂದ ಒಬ್ಬ ಹೆಂಗಸಿನ ದನಿ ಜೋರಾಗಿ ಕೇಳಿಸಿತು:

"ಕಡಲೆಬೀಜ ಅಲ್ಲ ಸರ್! ನಾನು ಬರೆದು ಹೇಳಿದ್ದೀನಿ, ಅವರೂ ಹಾಕಲ್ಲ ಅಂತ ಬರೆದು ಕಳಿಸಿದ್ದಾರೆ. ನೋಡಿ ಬೇಕಾದ್ರೆ!"

ವನಜಾಕ್ಷಿ ಕೈ ಬಿಡಿಸಿಕೊಂಡು ಒಳಗೆ ನುಗ್ಗಿದಳು.

ಮಂಚದ ಮೇಲೆ ನಾಲ್ಕು ವರ್ಷದ ಹೆಣ್ಣುಮಗು. ಮೂಗು ಬಾಯಿಗೆ ಹೊಗೆಯಂಥ ಔಷಧಿ ಬರುವ ಮಾಸ್ಕ್ ಇಟ್ಟಿದ್ದರು. ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಡಾಕ್ಟರ್ ಬಸವಲಿಂಗಯ್ಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಗ್ಗಿದ್ದರು. ಮಗುವಿಗೆ ಮೊದಲಿಂದ ಉಬ್ಬಸ ಇದೆ, ಬೆಳಗಿನ ಚಳಿಗೆ ಅದೇ ಕೆರಳಿದೆ ಅಂತ ಅವರು ಅದಕ್ಕೆ ಔಷಧಿ ಶುರು ಮಾಡಿದ್ದರು. ತಾಯಿ ನೈಟಿಯ ಮೇಲೆ ದುಪಟ್ಟಾ ಸುತ್ತಿಕೊಂಡು, ಬರಿಗಾಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿದ್ದ ಮೊಬೈಲಿನಲ್ಲಿ ವನಜಾಕ್ಷಿಯೇ ಹೇಳಿ ಬರೆಸಿದ ಮಾತಿತ್ತು: "ಖಂಡಿತ ಹಾಕಲ್ಲ ಅಮ್ಮ. ಬೇರೆ ರುಬ್ಬಿ ಕೊಡ್ತೀನಿ."

"ಐತೆ ಡಾಕ್ಟ್ರೆ," ಅಂದಳು ವನಜಾಕ್ಷಿ. ಮತ್ತೆ ಕೂಗಿದಳು. "ಅದ್ರಲ್ಲಿ ಕಡ್ಲೆಬೀಜ ಐತೆ! ಅಡುಗೆ ಮಾಡ್ದೋಳು ನಾನೇ. ಮಗೀಗೆ ಅಂತ ರುಬ್ಬಿದ್ದು ಇಲ್ಲೈತೆ ನೋಡಿ, ಕಳ್ಸೋದು ಮರ್ತು ಬೇರೇದು ಕಳ್ಸ್ಬುಟ್ಟೆ." ಕೈಯಲ್ಲಿದ್ದ ಡಬ್ಬಿಯನ್ನು ಮುಂದೆ ಚಾಚಿದಳು.

ಡಾಕ್ಟರ್ ತಲೆಯೆತ್ತಿದರು. "ಎಷ್ಟು ಹಾಕಿದ್ರಿ?"

"ಅರ್ಧಕ್ಕರ್ಧ. ಒಂದು ಪಾಲು ಕಾಯಿ, ಒಂದು ಪಾಲು ಬೀಜ."

"ಸಿಸ್ಟರ್, ಅಡ್ರಿನಲಿನ್. ಓಡಿ." ಆಮೇಲೆ ಅವರು ಯಾರ ಕಡೆಯೂ ನೋಡಲಿಲ್ಲ. ನರ್ಸ್ ತಂದ ಸೂಜಿಯನ್ನು ಮಗುವಿನ ತೊಡೆಗೆ ಚುಚ್ಚಿದರು. ಕಾಲಿನ ಕೆಳಗೆ ದಿಂಬಿಟ್ಟು ಎತ್ತರ ಮಾಡಿದರು. ಆಕ್ಸಿಜನ್ ಹಾಕಿದರು. ಗಡಿಯಾರ ನೋಡಿದರು.

ರಕ್ಷಾ ತಿರುಗಿ ವನಜಾಕ್ಷಿಯ ತೋಳನ್ನು ಗಬಕ್ಕನೆ ಹಿಡಿದಳು. ಉಗುರು ಚರ್ಮದೊಳಕ್ಕೆ ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಹೊಡೆಯುತ್ತಾಳೆ ಅಂದುಕೊಂಡಳು ವನಜಾಕ್ಷಿ. ಹೊಡೆಯಲಿಲ್ಲ. ಹಿಡಿದ ಕೈ ಬಿಡಲೂ ಇಲ್ಲ. ಅದು ಸಿಟ್ಟೋ, ಬೀಳದೆ ನಿಲ್ಲಲು ಹಿಡಿದ ಆಸರೆಯೋ, ಅವಳಿಗೇ ಗೊತ್ತಿರಲಿಲ್ಲ ಅನಿಸುತ್ತದೆ. ಇಬ್ಬರೂ ಹಾಗೇ ನಿಂತು ಆ ಪುಟ್ಟ ಎದೆಯನ್ನು ನೋಡುತ್ತಿದ್ದರು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಇಷ್ಟು ಹೊತ್ತು ಇರುತ್ತದೆ ಅಂತ ವನಜಾಕ್ಷಿಗೆ ಈವರೆಗೆ ಗೊತ್ತಿರಲಿಲ್ಲ.

ಐದು ನಿಮಿಷಕ್ಕೆ ಡಾಕ್ಟರ್ ಇನ್ನೊಂದು ಸೂಜಿ ಹಾಕಿದರು. ಮತ್ತೆ ಕಾದರು. ಗೊರ್ರ್ ಅನ್ನುತ್ತಿದ್ದ ಸದ್ದು ಒಂದೇ ಸಲ ನಿಂತಾಗ ವನಜಾಕ್ಷಿ ಎಲ್ಲ ಮುಗಿಯಿತು ಅಂದುಕೊಂಡಳು. ಮಗು ಕೆಮ್ಮಿತು. ಆಮೇಲೆ ಅಳುವುದಕ್ಕೆ ಶುರು ಮಾಡಿತು. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ.

"ಅಳಲಿ, ಅಳಲಿ," ಅಂದರು ಡಾಕ್ಟರ್. ಬೆವರು ಒರೆಸಿಕೊಂಡರು. "ಅಳೋದಕ್ಕೆ ಉಸಿರು ಬೇಕಲ್ಲ, ಅದು ಬಂತು. ಇವತ್ತೆಲ್ಲ ಇಲ್ಲೇ ಇರಲಿ, ಮತ್ತೆ ಕೆರಳೋ ಸಾಧ್ಯತೆ ಇದೆ." ವನಜಾಕ್ಷಿ ಕಡೆ ತಿರುಗಿ, "ನೀವು ಬಂದು ಹೇಳಿದ್ದು ಒಳ್ಳೇದಾಯ್ತು," ಅಂದರು. ಅದು ಹೊಗಳಿಕೆಯ ಮಾತಾಗಿರಲಿಲ್ಲ. ಅವಳೂ ಹಾಗೆ ತಗೊಳ್ಳಲಿಲ್ಲ.

ರಕ್ಷಾ ಅವಳ ತೋಳು ಬಿಟ್ಟಳು. "ಹೊರಗೆ ಹೋಗಿ," ಅಂದಳು. "ದಯವಿಟ್ಟು ನನ್ನ ಕಣ್ಣೆದುರಿಂದ ಹೋಗಿ."

ವನಜಾಕ್ಷಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮನೆಗೆ ಹೋಗೋಣ ಅಂದ ಅಂಜನ್; ಅವಳು ತಲೆ ಅಲ್ಲಾಡಿಸಿದಳು. ಅವನೂ ಪಕ್ಕದಲ್ಲಿ ಕೂತ. ರಂಗೇಶ ಸ್ವಲ್ಪ ಹೊತ್ತು ನಿಂತಿದ್ದು, ಮೊಬೈಲ್ ನೋಡಿಕೊಂಡು ಹೊರಟ. ಆ್ಯಪ್ ಅವನನ್ನು ಮೂರು ದಿನಕ್ಕೆ ತಡೆಹಿಡಿದಿತ್ತು ಅನ್ನುವುದು ಅವಳಿಗೆ ಮರುದಿನ ತಿಳಿಯಿತು. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿತು. ಮಧ್ಯಾಹ್ನ ದೊಡ್ಡಕ್ಕ ಕೇಳಿಕೊಂಡು ಕೇಳಿಕೊಂಡು ನಡೆದೇ ಬಂದು ಸೊಸೆಯ ಪಕ್ಕ ಕೂತಳು. ಆಗ ವಿಷಯ ತಿಳಿಯಿತು ಅವಳಿಗೆ.

"ನಂಗೊಂದ್ ಮಾತು ಹೇಳಿದ್ರೆ ಆ ಡಬ್ಬಿ ನಾನೇ ಚೀಲಕ್ಕೆ ಹಾಕ್ತಿದ್ನಲ್ಲವ್ವ," ಅಂದಳು. ಬೈದದ್ದಲ್ಲ, ನೋವಿನಿಂದ ಅಂದದ್ದು. ವನಜಾಕ್ಷಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಮೂರು ಗಂಟೆಯ ಹೊತ್ತಿಗೆ ರಕ್ಷಾ ಹೊರಗೆ ಬಂದಳು. ಅಷ್ಟರಲ್ಲಿ ಶಿರಾದಿಂದ ಅವಳ ಗಂಡ ಬಂದಾಗಿತ್ತು. ಅವಳು ಇಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದ ಟೀಚರ್; ಬಂದು ಎರಡು ತಿಂಗಳೂ ಆಗಿರಲಿಲ್ಲ. ವನಜಾಕ್ಷಿ ಎದ್ದು ನಿಂತಳು.

"ಎಚ್ಚರ ಇದ್ದಾಳೆ," ಅಂದಳು ರಕ್ಷಾ. "ಊತ ಇಳಿದಿದೆ. ಹಸಿವು ಅಂತಿದ್ದಾಳೆ."

ವನಜಾಕ್ಷಿಯ ಬಾಯಿಂದ ಯೋಚಿಸದೆ ಮಾತು ಬಂತು. "ಗಂಜಿ ಏನಾರ..."

"ನೀವು ಏನೂ ತರಬೇಡಿ," ಅಂದಳು ರಕ್ಷಾ.

ಆಮೇಲೆ ರಕ್ಷಾಳೇ ಹೇಳಿದಳು. "ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಅಂತ ಹೇಳೋಕಾಗಲ್ಲ. ಬೆಳಗ್ಗೆ ಪೂರ್ತಿ ನಿಮ್ಮನ್ನೇ ನಂಬ್ಕೊಂಡು ಡಾಕ್ಟರ್‌ಗೆ ಅಲ್ಲ ಅಲ್ಲ ಅಂದೆ. ನೀವು ಬರದೇ ಇದ್ದಿದ್ರೆ ಅದನ್ನೇ ಅಂತಿದ್ದೆ." ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಂಡಳು. "ಕೇಸ್ ಕೊಡೋಣ ಅಂತಿದ್ದಾರೆ ನಮ್ಮನೆಯವರು. ನಾನು ಬೇಡ ಅಂದಿದ್ದೀನಿ. ಅಷ್ಟೇ. ಮನೆಗೆ ಹೋಗಿ ಈಗ."

ವನಜಾಕ್ಷಿ ಕೈ ಮುಗಿದಳು. ಕ್ಷಮಿಸಿ ಅನ್ನಬೇಕು ಅಂತ ಬೆಳಗಿನಿಂದ ಕಾದಿದ್ದಳು. ಆ ಮಾತು ಹೇಳುವಷ್ಟು ದೊಡ್ಡದಾಗಿ ಕಾಣಲಿಲ್ಲ. ಹೇಳದೆ ಇಳಿದು ಬಂದಳು.

ಸೋಮವಾರ ಬೆಳಗ್ಗೆ ಮೊಬೈಲ್ ಬಡಿದುಕೊಳ್ಳಲಿಲ್ಲ. 'ದೊಡ್ಡಕ್ಕನ ಅಡುಗೆ' ಆ್ಯಪ್ಪಿನಲ್ಲಿ ಕಾಣುತ್ತಲೇ ಇರಲಿಲ್ಲ. ಸುರಕ್ಷತೆಯ ಕಾರಣಕ್ಕೆ ಶಾಶ್ವತವಾಗಿ ತೆಗೆಯಲಾಗಿದೆ ಅಂತ ಎರಡು ಸಾಲು ಬಂದಿತ್ತು. ಮೇಲ್ಮನವಿಗೆ ದಾರಿಯಿದೆ, ಬರೆಯಲಾ ಅಂತ ಅಂಜನ್ ಕೇಳಿದ. ಏನಂತ ಬರೀತೀಯ ಅಂದಳು ವನಜಾಕ್ಷಿ. "ನೀನು ಸುಮ್ನಿದ್ದಿದ್ರೆ..." ಅಂತ ಶುರು ಮಾಡಿದವನು ಅಲ್ಲೇ ನಿಲ್ಲಿಸಿ, ಮುಖ ತಿರುಗಿಸಿಕೊಂಡು ಹೊರಗೆ ಹೋದ. ಸಂಜೆ ಬಂದು ಅಕ್ಕನ ತಟ್ಟೆಯಲ್ಲೇ ಊಟಕ್ಕೆ ಕೂತ. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಗಂಡ ಬಂದು, ವಳ್ಳೂರಿಗೇ ಬಾ, ಅಲ್ಲಿ ಕೆಲಸಗಾರರ ಮೆಸ್ಸಿನಲ್ಲಿ ಅಡುಗೆಗೆ ಜನ ಬೇಕಂತೆ ಅಂದ. ಅವಳು ಆಗಲಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ದಿನಕ್ಕೆ ಒಂದು ಹೊತ್ತು ಮನೆಯವರಿಗಷ್ಟೇ ಅಡುಗೆ ಮಾಡಿ, ಉಳಿದ ಹೊತ್ತು ಬಾಗಿಲಲ್ಲಿ ಕೂರುತ್ತಿದ್ದಳು. ರಾತ್ರಿಯಲ್ಲ, ಹಗಲಲ್ಲೇ ಮಗುವಿನ ಆ ಗೊರ್ರ್ ಸದ್ದು ಕೇಳಿದಂತಾಗುತ್ತಿತ್ತು: ಕುಕ್ಕರಿನ ಉಗಿಯಲ್ಲಿ, ಪಕ್ಕದ ಮನೆಯ ನಲ್ಲಿಯಲ್ಲಿ. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕಳಿಸಿದರು ಅಂತ ನರ್ಸ್ ಹೇಳಿದ್ದಳು. ಅಲ್ಲಿಂದಾಚೆ ಏನಾಯಿತು ಅಂತ ಗೊತ್ತಿರಲಿಲ್ಲ. ಹೋಗಿ ಕೇಳುವ ಮುಖ ಅವಳಿಗಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ರಂಗೇಶ ಬಂದು ಬಾಗಿಲ ಮುಂದೆ ಗಾಡಿ ನಿಲ್ಲಿಸಿದ. ಇಲ್ಲಿಂದ ಒಯ್ಯಲು ಅವನಿಗೆ ಏನೂ ಇರಲಿಲ್ಲ. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೆನ್ನೆ ಆ ಕಡೆ ಒಂದು ಆರ್ಡರ್ ಇತ್ತು ಅಕ್ಕ. ಆ ಬೀದಿ ಮೇಲೇ ಹೋದೆ."

ವನಜಾಕ್ಷಿ ಅವನ ಮುಖ ನೋಡಿದಳು.

"ಮೂರು ಚಕ್ರದ ಸೈಕಲ್ ಓಡಿಸ್ತಿತ್ತು ಮಗು. ಆ ಪಾಪಕ್ಕಜ್ಜಿ ಹಿಂದಿಂದೆ ಓಡ್ತಿದ್ಲು."

"ಉಸ್ರು?" ಅಂದಳು ವನಜಾಕ್ಷಿ. "ಉಸ್ರು ಚೆನ್ನಾಗಿ ಆಡ್ತಿತ್ತಾ?"

"ಅಯ್ಯೋ, ದಾರಿ ಬುಡು ಅಂತ ನನ್ನ ಮೇಲೇ ಕಿರುಚ್ತು ಅಕ್ಕ. ಆ ಗಂಟ್ಲು ನೋಡ್ಬೇಕಿತ್ತು ನೀವು."

ವನಜಾಕ್ಷಿ ಹೊಸ್ತಿಲ ಮೇಲೆ ಕುಸಿದು ಕೂತಳು. ಆ ಭಾನುವಾರದಿಂದ ಒಂದು ಹನಿಯೂ ಬರದಿದ್ದ ಅಳು ಈಗ ಬಂತು. ರಂಗೇಶ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಅವಳಿಂದ ಸ್ವಲ್ಪ ದೂರದಲ್ಲಿ ತಾನೂ ಕೂತ. ಒಳಗಿಂದ ದೊಡ್ಡಕ್ಕ ಒಂದು ಚೊಂಬು ನೀರು ತಂದು ಇಬ್ಬರ ನಡುವೆ ಇಟ್ಟಳು.